ಗಡಿಯಾರದ್ದು ಬೇರೆ ದೂರು

ಹೊಸ ಕಾರು ಮನೆಗೆ ಬಂದು ಮೂವತ್ತೊಂದು ದಿನಗಳಾಗಿದ್ದವು. ಅದರಲ್ಲಿ ಐದು ದಿನ ಅದು ಸ್ಟಾರ್ಟ್ ಆಗದೆ ಸತಾಯಿಸಿತ್ತು. ಐದೂ ಅಪ್ಪನ ಡಯಾಲಿಸಿಸ್ ದಿನಗಳು.

ಕಾರು ಕೊಂಡದ್ದೇ ಡಯಾಲಿಸಿಸ್‌ಗಾಗಿ. ಅಪ್ಪನಿಗೆ ವಾರಕ್ಕೆ ಮೂರು ಸಲ, ಬೆಳಿಗ್ಗೆ ಏಳಕ್ಕೆ, ನಾಲ್ಕನೇ ನಂಬರಿನ ಕುರ್ಚಿ. ಕಾಲು ಗಂಟೆಗಿಂತ ಹೆಚ್ಚು ತಡವಾಗಿ ಮೂರು ಸಲ ಬಂದವರ ಕುರ್ಚಿಯನ್ನು ಕಾಯುತ್ತಿರುವವರಿಗೆ ಕೊಡಲಾಗುವುದು ಎಂದು ಕೇಂದ್ರದ ಗೋಡೆಗೆ ಒಂದು ಹಾಳೆ ಅಂಟಿಸಿದ್ದರು. ಅಪ್ಪ ಎರಡು ಸಲ ತಡವಾಗಿ ಬಂದಿದ್ದರು. ಈ ಕುರ್ಚಿ ಕೈತಪ್ಪಿದರೆ ಮುಂದಿನದು ಊರಾಚೆಯ ಆಸ್ಪತ್ರೆಯಲ್ಲಿ, ಅದೂ ಅಲ್ಲಿ ಯಾರಾದರೂ ಜಾಗ ಬಿಟ್ಟರೆ. ಅಲ್ಲಿ ಜಾಗ ಯಾವ ರೀತಿ ಖಾಲಿಯಾಗುತ್ತದೆ ಎಂಬುದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ.

ಮಗಳು ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಊಟಕ್ಕೆ ಯಾವಾಗ ಬರುತ್ತೀ ಎಂದರೆ ಒಂದು ಗಂಟೆ ಹನ್ನೆರಡು ನಿಮಿಷಕ್ಕೆ ಎನ್ನುವವಳಾದ್ದರಿಂದ ಅಲ್ಲಿಯವರು ಅವಳಿಗೆ ದಶಾಂಶ ಎಂದು ಹೆಸರಿಟ್ಟಿದ್ದರು. ಕಾರು ಮೊದಲ ಸಲ ಕೈಕೊಟ್ಟ ದಿನವೇ ಅವಳು ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎಂಟು ಕಾಲಮ್ಮು ಮಾಡಿದಳು. ತಾಪಮಾನ, ಗಾಜಿನ ಮೇಲೆ ಇಬ್ಬನಿ ಇತ್ತೇ, ಪೆಟ್ರೋಲ್ ಎಷ್ಟು, ಹಿಂದಿನ ದಿನ ಎಷ್ಟು ಓಡಿತ್ತು, ಇತ್ಯಾದಿ. ಫೋನಿನಲ್ಲಿ ಚಿಕ್ಕಮ್ಮ, ಬಿಳಿ ಬಣ್ಣ ನಿಮ್ಮ ಮನೆಗೆ ಆಗಿಬರುವುದಿಲ್ಲ ಎಂದದ್ದನ್ನೂ ಬರೆದುಕೊಂಡು, ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. ಎಂಟನೇ ಕಾಲಮ್ಮು, ಅಪ್ಪ ಕಾರಿನಲ್ಲಿದ್ದರೇ ಇಲ್ಲವೇ.

ಒಂದು ಮಧ್ಯಾಹ್ನ ಅಪ್ಪ ಆ ನೋಟ್‌ಬುಕ್ಕನ್ನು ಕನ್ನಡಕ ಏರಿಸಿಕೊಂಡು ಓದಿದರು. ಬಸ್ ಡಿಪೋದಲ್ಲಿ ಮೂವತ್ನಾಲ್ಕು ವರ್ಷ ಫೋರ್‌ಮನ್ ಆಗಿದ್ದ ಅವರಿಗೆ ಗಾಡಿಗಳ ದೂರಿನ ಪಟ್ಟಿ ಓದುವುದು ಹೊಸದಲ್ಲ.

"ಅಂದ್ರೆ, ನಾನು ಕೂತ್ರೆ ಕಾರು ಹೊರಡಲ್ಲ."

"ಹಾಗಲ್ಲ ಅಪ್ಪಾ. ಎರಡೂ ಒಟ್ಟಿಗೆ ಆಗಿವೆ, ಅಷ್ಟೇ. ನೀವೇ ಕಾರಣ ಅಂತ ಅಲ್ಲ."

"ಡಿಪೋದಲ್ಲೂ ಒಬ್ಬ ಡ್ರೈವರ್ ಇದ್ದ. ಅವನು ಹತ್ತಿದ ಬಸ್ಸೆಲ್ಲ ಪಂಕ್ಚರ್. ಕೊನೆಗೆ ಟಿಕೆಟ್ ಕೌಂಟರಿಗೆ ಹಾಕಿದ್ವಿ."

"ಆಮೇಲೆ?"

"ಕೌಂಟರಿನ ಫ್ಯಾನ್ ಕೆಟ್ಟೋಯ್ತು. ನನ್ನನ್ನ ಬಸ್ಸಲ್ಲಿ ಕಳಿಸಿಬಿಡು ಮಗಳೇ."

"ಎರಡು ಬಸ್ ಬದಲಾಯಿಸಬೇಕು. ವಾಪಸ್ ಬರೋವಾಗ ನಿಮಗೆ ನಿಲ್ಲೋಕೂ ಆಗಲ್ಲ. ಸುಮ್ನಿರಿ."

ಅಪ್ಪ ನೋಟ್‌ಬುಕ್ಕನ್ನು ಮಡಚಿ ಮೇಜಿನ ಮೇಲೆ ಇಟ್ಟ ರೀತಿಯಲ್ಲಿ, ತೀರ್ಪು ಒಪ್ಪಿಕೊಂಡವನ ಕಳೆ ಇತ್ತು.

ಮರುದಿನ ಡಯಾಲಿಸಿಸ್ ಇರಲಿಲ್ಲ. ದಶಾಂಶ ಕಾರನ್ನು ಸರ್ವಿಸ್ ಸೆಂಟರಿಗೆ ಒಯ್ದಳು. ಮೆಕ್ಯಾನಿಕ್ ಅವಳ ಎದುರಿಗೇ ನಲವತ್ತು ಸಲ ಸ್ಟಾರ್ಟ್ ಮಾಡಿದ. ನಲವತ್ತು ಸಲವೂ ಕಾರು ಮೊದಲ ಬೆಂಚಿನ ವಿದ್ಯಾರ್ಥಿಯಂತೆ ಉತ್ತರ ಕೊಟ್ಟಿತು.

"ಬ್ಯಾಟರಿ ಹೊಸದು, ವೈರ್ ಬಿಗಿಯಾಗಿದೆ. ಕಂಪ್ಯೂಟರಿನಲ್ಲೂ ಏನೂ ತೋರಿಸ್ತಿಲ್ಲ ಮೇಡಂ. ಆಗ್ತಿಲ್ಲ ಅಂದಾಗ ಏನ್ ಮಾಡ್ತೀರಿ?"

"ಬಾಗಿಲು ತೆಗೆದು ಜೋರಾಗಿ ಮುಚ್ತೀನಿ. ಮತ್ತೆ ಪ್ರಯತ್ನ ಮಾಡ್ತೀನಿ. ನಾಲ್ಕನೇ ಸಲಕ್ಕೋ ಐದನೇ ಸಲಕ್ಕೋ ಆಗತ್ತೆ."

"ಆಗತ್ತಲ್ಲ, ಮತ್ತೆ?"

ಅವಳು ನೋಟ್‌ಬುಕ್ ತೆರೆದು ತೋರಿಸಿದಳು. ಅವನು ಅದನ್ನು ಮದುವೆಯ ಕರೆಯೋಲೆಯಂತೆ ಎರಡೂ ಕೈಯಲ್ಲಿ ಹಿಡಿದು ನೋಡಿ ವಾಪಸು ಕೊಟ್ಟ.

"ಇನ್ನೊಂದು ಇದೆ," ಎಂದಳು ಅವಳು. "ಗಡಿಯಾರ. ದಿನಾ ಸರಿ ಮಾಡ್ತೀನಿ, ದಿನಾ ಬೆಳಿಗ್ಗೆ ತಪ್ಪು ತೋರಿಸತ್ತೆ."

"ಗಡಿಯಾರದ್ದು ಬೇರೆ ದೂರು ಮೇಡಂ. ಬೇರೆ ಫಾರ್ಮ್ ಬರೀಬೇಕು."

ಅವಳು ಬೇರೆ ಫಾರ್ಮ್ ಬರೆದಳು. ಎರಡು ದೂರು, ಎರಡು ಫಾರ್ಮ್. ಈ ವಿಂಗಡಣೆ ಅವಳಿಗೂ ಸರಿಯೆನ್ನಿಸಿತ್ತು. ಸ್ಟಾರ್ಟರ್ ಮೋಟಾರು ಬದಲಾಯಿಸಲು ಕಂಪನಿಯನ್ನು ಕೇಳಿ ನೋಡುವುದಾಗಿ ಮೆಕ್ಯಾನಿಕ್ ಹೇಳಿದ. ಉತ್ತರ ಬರಲು ಹತ್ತು ದಿನ. ಡಯಾಲಿಸಿಸ್ ನಾಳೆಯೇ.

ಅಲ್ಲಿಂದ ಅವಳು ಪ್ರಯೋಗಾಲಯಕ್ಕೆ ಹೋದಳು. ಬೆಳಿಗ್ಗೆ ಕರೆಂಟು ಹೋಗಿ ಬಂದಿತ್ತು. ನೀರಿನ ಸ್ಯಾಂಪಲ್‌ಗಳನ್ನು ಬೆಚ್ಚಗಿಡುವ ಪೆಟ್ಟಿಗೆಯ ಟೈಮರ್ ಮತ್ತೆ ಸೊನ್ನೆಯಿಂದ ಎಣಿಸಲು ತೊಡಗಿ, ಒಂದು ಗಂಟೆ ಐದು ನಿಮಿಷ ತೋರಿಸುತ್ತಿತ್ತು. ಈಗಿನ ಹೊತ್ತಿನಿಂದ ಅಷ್ಟನ್ನು ಕಳೆದು, ಕರೆಂಟು ಬಂದದ್ದು ಎಷ್ಟಕ್ಕೆಂದು ರಿಜಿಸ್ಟರಿನಲ್ಲಿ ಬರೆಯುವುದು ಅವಳ ಎಂದಿನ ಕೆಲಸ. ಬರೆದಳು. ಬರೆದ ಮೇಲೆ ಪೆನ್ನನ್ನು ಕೆಳಗಿಡಲಿಲ್ಲ.

ಕಾರಿನ ನೋಟ್‌ಬುಕ್ ತೆಗೆದು ಗಡಿಯಾರದ ತಪ್ಪುಗಳನ್ನು ಒಂದರ ಕೆಳಗೊಂದು ಬರೆದಳು. ಆಫೀಸಿನ ದಿನ ಎಂಟೂವರೆಗೆ ಕಾರು ಹತ್ತಿದಾಗ ಗಡಿಯಾರದಲ್ಲಿ ಎರಡು ಐವತ್ತು. ಡಯಾಲಿಸಿಸ್ ದಿನ ಆರು ಇಪ್ಪತ್ತೈದಕ್ಕೆ ಹತ್ತಿದಾಗ ಹನ್ನೆರಡು ನಲವತ್ತೈದು. ಸ್ಟಾರ್ಟ್ ಆಗದ ದಿನಗಳಲ್ಲಿ ಮಾತ್ರ ಗಡಿಯಾರ ಕಪ್ಪಾಗಿದ್ದು, ಕಾರಿಗೆ ಜೀವ ಬಂದ ಕ್ಷಣ ಹನ್ನೆರಡರಿಂದ ಎಣಿಸತೊಡಗಿತ್ತು. ಅಂದರೆ ಗಡಿಯಾರ ಕೆಟ್ಟಿರಲಿಲ್ಲ. ಹತ್ತಿದ ಹೊತ್ತಿನಿಂದ ಕಳೆದು ನೋಡಿದರೆ, ಅದು ದಿನಾ ಐದು ನಲವತ್ತಕ್ಕೆ ಹನ್ನೆರಡರಿಂದ ಹೊಸದಾಗಿ ಹುಟ್ಟುತ್ತಿತ್ತು. ಯಾರೋ ರಾತ್ರಿ ಬ್ಯಾಟರಿಯ ವೈರ್ ಕಳಚಿ, ಬೆಳಿಗ್ಗೆ ಐದು ನಲವತ್ತಕ್ಕೆ ಮತ್ತೆ ಸಿಕ್ಕಿಸುತ್ತಿದ್ದರು.

ಮನೆಯಲ್ಲಿ ಇದ್ದದ್ದು ಇಬ್ಬರು. ಐದು ನಲವತ್ತಕ್ಕೆ ಅವರಲ್ಲಿ ಒಬ್ಬಳು ನಿದ್ದೆಯಲ್ಲಿರುತ್ತಿದ್ದಳು.

ಮರುದಿನ ಅವಳು ಐದು ನಲವತ್ತೊಂದಕ್ಕೆ ಮೆಟ್ಟಿಲಿಳಿದು ಹೋದಳು. ಕಾರಿನ ಬಾನೆಟ್ ತೆರೆದಿತ್ತು. ಅಪ್ಪನ ಎಡಗೈಗೆ ಸೂಜಿ ಚುಚ್ಚುವ ಜಾಗದಲ್ಲಿ ಮರಗಟ್ಟಿಸುವ ಮುಲಾಮು ಹಚ್ಚಿ, ಮೇಲೆ ಪ್ಲಾಸ್ಟಿಕ್ ಸುತ್ತಲಾಗಿತ್ತು. ಡಯಾಲಿಸಿಸ್ ದಿನ ಒಂದು ಗಂಟೆ ಮೊದಲೇ ಹಚ್ಚಬೇಕು. ಆಮೇಲೆ ಆ ಕೈಯನ್ನು ಏನಕ್ಕೂ ತಾಗಿಸುವಂತಿಲ್ಲ. ಅದನ್ನು ಎದೆಗೆ ಒತ್ತಿಕೊಂಡು, ಬಲಗೈಯೊಂದರಲ್ಲೇ ಸ್ಪ್ಯಾನರ್ ತಿರುಗಿಸುತ್ತಿದ್ದರು. ವೈರಿನ ತುದಿಯನ್ನು ಒತ್ತಿ ಹಿಡಿಯಲು ಇನ್ನೊಂದು ಕೈ ಇಲ್ಲದೆ, ನಟ್ಟಿನ ಜೊತೆ ಅದೂ ತಿರುಗಿ ಓರೆಯಾಗಿ ನಿಲ್ಲುತ್ತಿತ್ತು. ಉಳಿದ ದಿನಗಳಲ್ಲಾದರೆ ಎರಡೂ ಕೈ ಇರುತ್ತಿದ್ದವು.

ಅಪ್ಪ ತಿರುಗಿ ನೋಡಲಿಲ್ಲ. "ಬಂದ್ಯಾ? ಟಾರ್ಚ್ ಸ್ವಲ್ಪ ಈ ಕಡೆ ಹಿಡಿ."

ಅವಳು ಹಿಡಿದಳು. "ಯಾಕಪ್ಪಾ ಇದೆಲ್ಲ?"

"ನಿಂತ ಗಾಡಿಗೆ ಕರೆಂಟ್ ಇರಬಾರದು. ಡಿಪೋದಲ್ಲಿ ಒಂದು ರಾತ್ರಿ ಮೂರು ಬಸ್ ಸುಟ್ಟೋದ್ವು, ಸುಮ್ನೆ ನಿಂತಿದ್ದವು. ಒಳಗೆ ಮಲಗಿದ್ದ ಡ್ರೈವರ್ ಆಚೆ ಬರಲಿಲ್ಲ. ಅವತ್ತಿಂದ ನಾನೇ ಎಲ್ಲಾ ಬಸ್ಸಿನ ವೈರ್ ತೆಗೆಸ್ತಿದ್ದೆ."

"ಈಗಿನ ಕಾರಲ್ಲಿ ಫ್ಯೂಸ್ ಇರತ್ತೆ."

"ಆ ಬಸ್ಸಲ್ಲೂ ಇತ್ತು." ಅವರು ಸ್ಪ್ಯಾನರಿನ ತುದಿಯಿಂದ ಮೇಲೆ ತೋರಿಸಿದರು. ಕಾರಿಗೆ ಸರಿಯಾಗಿ ಮೇಲೆ ಅವಳ ಮಲಗುವ ಕೋಣೆಯ ಕಿಟಕಿ.

"ಹಾಗಾದ್ರೆ ಕಾರನ್ನ ಆ ಕಡೆ ನಿಲ್ಲಿಸ್ತೀನಿ."

"ಆ ಕಡೆ ಪಕ್ಕದವರ ಕಿಟಕಿ. ಅವರು ಸುಡಲಿ ಅಂತೀಯಾ?"

ಅವಳು ಓರೆಯಾಗಿದ್ದ ವೈರಿನ ತುದಿಯ ಮೇಲೆ ಟಾರ್ಚ್ ಬಿಟ್ಟಳು. "ಅಪ್ಪಾ, ವೈರ್ ಸಡಿಲ ಉಳಿದಿದ್ದಕ್ಕೇ ಕಾರು ಹೊರಡ್ತಿರಲಿಲ್ಲ. ನಿಮ್ಮ ಕುರ್ಚಿ ಹೋಗ್ತಿತ್ತು."

ಅಪ್ಪ ಸ್ಪ್ಯಾನರ್ ಹಿಡಿದಿದ್ದ ಕೈಯನ್ನು ನೋಡಿಕೊಂಡರು. "ಸಡಿಲ ಅಂತ ಗೊತ್ತಾಗಿರಲಿಲ್ಲ," ಎಂದರು. "ನನ್ನ ಕೈಗೆ ಬಿಗಿ ಅನ್ನಿಸ್ತಿತ್ತು."

ಅವಳು ಟಾರ್ಚನ್ನು ಅವರಿಗೆ ಕೊಟ್ಟು ಸ್ಪ್ಯಾನರ್ ತೆಗೆದುಕೊಂಡಳು.

"ಒತ್ತಿ ಹಿಡಿ. ಇನ್ನೊಂದು ಅರ್ಧ ಸುತ್ತು. ಹೆಚ್ಚು ಬೇಡ, ಥ್ರೆಡ್ ಹೋಗತ್ತೆ. ಹಾಂ, ಸಾಕು. ಈಗ ಅಲ್ಲಾಡಿಸಿ ನೋಡು."

ಅಲ್ಲಾಡಲಿಲ್ಲ. ರಾತ್ರಿ ಕಳಚುವುದು ಅಪ್ಪ, ಬೆಳಿಗ್ಗೆ ಬಿಗಿ ಮಾಡುವುದು ಮಗಳು ಎಂದು ಅಲ್ಲಿಯೇ ತೀರ್ಮಾನವಾಯಿತು. ವೈಜ್ಞಾನಿಕವಾಗಿ ನೋಡಿದರೆ ಎರಡೂ ಅನಗತ್ಯ. ಅದನ್ನು ಅವಳು ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ.

ಕಾರು ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಆರು ಐವತ್ತೊಂದಕ್ಕೆ ಅವರು ಕೇಂದ್ರದಲ್ಲಿದ್ದರು. ನಾಲ್ಕನೇ ಕುರ್ಚಿಯ ಬಳಿ ಸಿಸ್ಟರ್ ಟ್ರೇ ಜೋಡಿಸುತ್ತಿದ್ದರು.

"ಏನ್ ಅಜ್ಜಾ, ಇವತ್ತು ನಿಮ್ಮ ಕಾರು ಮುನಿಸಿಕೊಳ್ಳಲಿಲ್ವಾ?"

"ಬ್ಯಾಟರಿ ವೈರ್ ಸಡಿಲ ಇತ್ತಮ್ಮ." ಅಪ್ಪ ಕುರ್ಚಿಯಲ್ಲಿ ಕೂತು ಎಡಗೈ ಚಾಚಿದರು. "ಅಷ್ಟು ದೊಡ್ಡ ಸರ್ವಿಸ್ ಸೆಂಟರಿನವರ ಕೈಲಿ ಆಗಲಿಲ್ಲ. ಕೊನೆಗೆ ನಾನೇ ಹೇಳಿಕೊಟ್ಟು ಸರಿ ಮಾಡಿಸಬೇಕಾಯ್ತು."

ಸಿಸ್ಟರ್ ಮಗಳ ಮುಖ ನೋಡಿದರು.

"ಹೌದು ಸಿಸ್ಟರ್," ಎಂದಳು ದಶಾಂಶ. "ಅಪ್ಪನೇ ಹೇಳಿಕೊಟ್ಟಿದ್ದು."