ಜಾವಾ ಬಟ್ಟೆಯ ಕುಲಾವಿ

ಅಂಕಯ್ಯನ ಹೆಣದ ತಲೆಗೆ ಕೊನೆಯ ಚೊಂಬು ಬಿಸಿನೀರು ಬೀಳುತ್ತಿದ್ದಾಗಲೇ ಮರಿಸಿದ್ದಯ್ಯ ಬಾವುಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಂಗಳಕ್ಕೆ ಬಂದರು. ನೀರು ಹುಯ್ಯುತ್ತಿದ್ದವರು ಕೈ ತಡೆದರು.

ನಿಡಘಟ್ಟದಲ್ಲಿ ಮರಿಸಿದ್ದಯ್ಯ ಸಾಮಾನ್ಯ ಆಸಾಮಿಯಲ್ಲ. ವರಸೆಯಲ್ಲಿ ಅಂಕಯ್ಯನಿಗೆ ಅಣ್ಣನಾಗಬೇಕು. ಶಿವಪುರದ ಧ್ವಜ ಸತ್ಯಾಗ್ರಹಕ್ಕೆ ಹೋಗಿ ಜೈಲು ಕಂಡು ಬಂದವರು. ಸ್ವಾತಂತ್ರ್ಯಕ್ಕೆ ಇಪ್ಪತ್ತೈದು ವರ್ಷ ತುಂಬಿತೆಂದು ಮದ್ದೂರಿನಲ್ಲಿ ಅವರಿಗೆ ಶಾಲು ಹೊದಿಸಿ ಇನ್ನೂ ತಿಂಗಳಾಗಿರಲಿಲ್ಲ.

"ಸಿದ್ದರಾಮು, ಇದ ನಿಮ್ಮಪ್ಪನ ಮೇಲೆ ಹೊದಿಸ್ಬೇಕು ಕಣ್ಲಾ," ಅಂದರು. "ನಮ್ಮನೇದೇ ಬಾವುಟ. ನಾನೇ ಹೊದಿಸ್ತೀನಿ."

ಸಿದ್ದರಾಮು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಬಾವುಟದ ಅಂಚು ಹಿಡಿಯಲು ಮುಂದೆ ಬಂದ. ಮಳವಳ್ಳಿಯ ಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರು ಅವನು. ಆ ಕೆಲಸಕ್ಕೆ ಸೇರಿದ್ದೇ ತಾನು ಮಿಲ್ಟ್ರಿ ಅಂಕಯ್ಯನ ಮಗನೆಂಬ ಹೆಮ್ಮೆಯಿಂದ. ಹೋದ ವರ್ಷ ಬಾಂಗ್ಲಾ ಯುದ್ಧ ಗೆದ್ದ ಮೇಲಂತೂ ಊರವರೆಲ್ಲ ಅಂಕಯ್ಯನನ್ನು ಕಂಡರೆ ಬೀಡಿ ಹಿಂದಕ್ಕೆ ಹಿಡಿಯುತ್ತಿದ್ದರು. ಯುದ್ಧದ ಕತೆ ಹೇಳು ಎಂದರೆ ಮಾತ್ರ ಅಂಕಯ್ಯ ಹೇಸರಗತ್ತೆಯ ಕತೆ ಹೇಳುತ್ತಿದ್ದ, ಹಡಗಿನಲ್ಲಿ ವಾಂತಿ ಮಾಡಿಕೊಂಡ ಕತೆ ಹೇಳುತ್ತಿದ್ದ. ಪ್ರತಿ ಆಗಸ್ಟ್ ಹದಿನೈದಕ್ಕೆ ಸ್ಕೂಲಿನವರು ಬಾವುಟ ಏರಿಸಲು ಕರೆಯುತ್ತಿದ್ದರು. ಸರಿಯಾಗಿ ಅದೇ ದಿನ ಅವನಿಗೆ ಹೊಟ್ಟೆನೋವು ಬರುತ್ತಿತ್ತು, ಇಲ್ಲವೇ ಎತ್ತು ತಪ್ಪಿಸಿಕೊಳ್ಳುತ್ತಿತ್ತು. ಅಂಕಯ್ಯನ ಎತ್ತಿಗೂ ಸ್ವಾತಂತ್ರ್ಯದ ದಿನ ಗೊತ್ತಾಗ್ತದೆ ಎಂದು ಊರವರು ನಗುತ್ತಿದ್ದರು.

"ಬ್ಯಾಡಿ ಬಾವ."

ಬಾಗಿಲಲ್ಲಿ ಬೆಳ್ಳಮ್ಮ ನಿಂತಿದ್ದಳು. ಬೆಳಗಿನಿಂದ ಅತ್ತು ಅವಳ ದನಿ ಬಿದ್ದುಹೋಗಿತ್ತು. ಆದರೂ ಎಲ್ಲರಿಗೂ ಕೇಳಿಸಿತು.

"ಯಾಕವ್ವ?" ಸಿದ್ದರಾಮು ಕೇಳಿದ.

"ಬ್ಯಾಡ ಅಂದ್ರೆ ಬ್ಯಾಡ."

ಮರಿಸಿದ್ದಯ್ಯನವರ ಮುಖ ಕಪ್ಪಿಟ್ಟಿತು. ಕಾರಣ ಯಾರೂ ಹೇಳಬೇಕಾಗಿರಲಿಲ್ಲ, ಅವರೇ ಊಹಿಸಿಕೊಂಡರು.

*

ಅಂಕಯ್ಯ ಪಲ್ಟನ್ನಿಗೆ ಹೋಗುವಾಗ ಬಿಳಿ ದೊರೆಗಳ ಯುದ್ಧವೆಂದು ಮದ್ದೂರಿನಲ್ಲಿ ಹಾರ ಹಾಕಿ, ತಮಟೆ ಬಡಿದು ಕಳಿಸಿದ್ದರು. ನಲವತ್ತಾರರಲ್ಲಿ ಅವನು ವಾಪಸು ಬರುವ ಹೊತ್ತಿಗೆ ಹಾರ ಹಾಕಿದ್ದವರೇ ಗಾಂಧಿ ಟೋಪಿ ಹಾಕಿಕೊಂಡಿದ್ದರು. ದೊರೆಗಳು ಗಂಟುಮೂಟೆ ಕಟ್ಟುತ್ತಿದ್ದಾರೆಂದು ಎಳೆಮಕ್ಕಳಿಗೂ ಗೊತ್ತಾಗಿತ್ತು.

ಟ್ರಂಕು ಹೊತ್ತು ಬಸ್ಸಿಳಿದ ಅಂಕಯ್ಯ ರಸ್ತೆ ಬದಿಯ ಹೋಟೆಲಿನಲ್ಲಿ ಕೂತು ಕಾಫಿ ಹೇಳಿದ. ಎದುರು ಬೆಂಚಿನಲ್ಲಿದ್ದ ಮರಿಸಿದ್ದಯ್ಯ ತಮ್ಮ ಲೋಟ ದೂಡಿ ಎದ್ದು ನಿಂತರು.

"ಬಿಳಿಯರ ಎಂಜಲು ತಿಂದೋನ ಎದ್ರು ಕೂತು ನಾನು ಕಾಪಿ ಕುಡಿಯಾಕಿಲ್ಲ," ಎಂದು ಅವನ ಬೂಟಿನ ಮುಂದೆಯೇ ಉಗಿದರು. ಇದ್ದವರೆಲ್ಲ ನಕ್ಕರು.

ಅಂಕಯ್ಯ ಕಾಫಿ ಮುಟ್ಟದೆ, ಟ್ರಂಕು ಎತ್ತಿಕೊಂಡು ಮನೆಗೆ ನಡೆದ. ಪುಕ್ಕಲ ಅಂದುಕೊಂಡಿತು ಊರು.

*

"ಬೆಳ್ಳಮ್ಮ," ಮರಿಸಿದ್ದಯ್ಯ ತಗ್ಗಿದ ದನಿಯಲ್ಲಿ ಅಂದರು, "ಅವತ್ತು ನಾನು ಉಗಿದಿದ್ದು ತಪ್ಪು ಕಣಮ್ಮ. ವಯಸ್ಸಿನ ಕೊಬ್ಬು. ಅದ ತೊಳ್ಕಳಾನ ಅಂತ್ಲೇ ಇದ ತಂದಿವ್ನಿ."

"ಕೇಳುಸ್ಕಂಡ್ಯಾ ಅವ್ವ? ದೊಡ್ಡಪ್ಪ ಊರ ಮುಂದೆ ತಲೆ ತಗ್ಗಿಸವ್ರೆ. ಇನ್ನೂ ಏನು ನಿಂದು?"

ಬೆಳ್ಳಮ್ಮ ಮಗನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದಳು. ಕೋಣೆಯ ಮೂಲೆಯಲ್ಲಿದ್ದ ಟ್ರಂಕು ತೆಗೆದು, ಖಾಕಿ ಬಟ್ಟೆಯ ಅಡಿಗೆ ಕೈ ಹಾಕಿ ಒಂದು ಪುಟ್ಟ ಕುಲಾವಿ ತೆಗೆದಳು. ಮೇಲೆ ಕೆಂಪು, ಕೆಳಗೆ ಬಿಳಿ. ಹಣೆಯ ಹತ್ತಿರ ದೃಷ್ಟಿ ತಾಗದಿರಲೆಂದು ಹೊಲಿದ ಒಂದು ಕರಿಮಣಿ.

"ಇದು ನಿಂದು," ಅಂದಳು. "ಒಂದೇ ದಿನ ಆಕಿದ್ದು."

*

ಸ್ವಾತಂತ್ರ್ಯ ಬಂದ ವರ್ಷ. ಸಿದ್ದರಾಮು ಆಗ ತೊಟ್ಟಿಲ ಕೂಸು. ಬಟ್ಟೆಗೆ ಬರಗಾಲದ ಕಾಲ. ಟ್ರಂಕಿನಲ್ಲಿ ಸಿಕ್ಕ ಗಟ್ಟಿ ಹತ್ತಿಯ ತುಂಡು ಬೆಳ್ಳಮ್ಮನಿಗೆ ಹೊನ್ನಿನಂತೆ ಕಂಡಿತ್ತು. ಅಲ್ಲಲ್ಲಿ ಕಂದು ಕಲೆ ಇತ್ತು. ಎಲೆ ಅಡಿಕೆ ಕಲೆಯೆಂದು ಅಂಟುವಾಳ ಹಾಕಿ ಉಜ್ಜಿ ತೊಳೆದಳು. ಎರಡು ದಿನ ಕೂತು ಕುಲಾವಿ ಹೊಲಿದು ಮಗುವಿನ ತಲೆಗೆ ಕಟ್ಟಿ, ಗಂಡ ನೋಡಿ ಹಿಗ್ಗುತ್ತಾನೆಂದು ಕಾದಳು.

ಗದ್ದೆಯಿಂದ ಬಂದ ಅಂಕಯ್ಯ ತೊಟ್ಟಿಲು ಇಣುಕಿದವನೇ ಕುಲಾವಿ ಕಿತ್ತುಕೊಂಡ. ಮಗು ಕಿರುಚಿತು. ಬೆಳ್ಳಮ್ಮನ ಕೆನ್ನೆಗೆ ಬಾರಿಸಿದ. ಅವಳ ಮೇಲೆ ಅವನು ಕೈ ಮಾಡಿದ್ದು ಅದೇ ಮೊದಲು, ಅದೇ ಕೊನೆ. ಆಮೇಲೆ ಕುಲಾವಿಯನ್ನು ಮುಷ್ಟಿಯಲ್ಲಿ ಹಿಡಿದು ಹೊಸಿಲ ಮೇಲೆ ಕೂತು ಅತ್ತ. ಅಳುತ್ತಲೇ ಹೇಳಿದ.

"ಜಪಾನಿನೋರು ಸೋತ್ರು, ಇನ್ನು ಊರಿಗೆ ಹಡಗು ಅಂದ್ಕಂಡಿದ್ವಿ. ಜಾವಾಕ್ಕೆ ತಕ್ಕೊಂಡೋದ್ರು. ಅಲ್ಲಿ ಮೊದ್ಲು ಹಾಲೆಂಡಿನ ದೊರೆಗಳು ಇದ್ರಂತೆ. ಇನ್ನು ನೀವು ಬ್ಯಾಡ ಅಂತ ಆ ಜನ ತಮ್ಮ ಬಾವುಟ ಕಟ್ಕಂಡಿದ್ರು. ಅವ್ರ ಮನೇನ ತಿರ್ಗ ಆ ದೊರೆಗಳ್ಗೆ ಬುಡಿಸ್ಕೊಡಾಕೆ ನಮ್ಮ ದೊರೆಗಳು ನಮ್ಮುನ್ನ ಇಳಿಸಿದ್ರು ಕಣೆ.

"ಗದ್ದೇಲಿ ಒಬ್ಬ ಸಿಕ್ದ. ಮಂಡಿಗಂಟ ಕೆಸ್ರು. ನಮ್ಮ ಕೆರೆ ಹಿಂದ್ಲ ಗದ್ದೇಲಿ ನಿಂತಿರೋನಂಗೇ ಇದ್ದ. ಕೈಯಾಗೆ ಬಿದ್ರು ಈಟಿ. ನನ್ನ ನೋಡಿ ಅದ ಕೆಳಕ್ಕೆ ಬುಟ್ಟ. ತನ್ನ ಕೈ ತೋರಿಸ್ದ, ನನ್ನ ಕೈ ತೋರಿಸ್ದ, ಎರಡೂ ಒಂದೇ ಬಣ್ಣ. ಏನೋ ಅಂದ. ಅವನ ಮಾತು ನಂಗೆ ಬರಾಕಿಲ್ಲ, ಆದ್ರೆ ಅರ್ತ ಆಯ್ತು. ಅರ್ತ ಆದ್ಮೇಲೇ ಹೊಡ್ದೆ. ಹಿಂದೆ ಸಾಹೇಬ ನಿಂತಿದ್ದ.

"ಅವನು ತಲೆಗೆ ಕಟ್ಟಿದ್ದು ಈ ಬಟ್ಟೆ. ಅವ್ರ ಬಾವುಟ. ನೀನು ಗೆದ್ದಿದ್ದು, ಇಟ್ಕೋ ಅಂತ ಸಾಹೇಬ ನಕ್ಕ. ಬಟ್ಟೆ ಚೆಂದಾಗೈತೆ ಅಂತ ನಾನೂ ಇಟ್ಕಂಡೆ."

ಮಗು ಅತ್ತು ಅತ್ತು ಬಿಕ್ಕುತ್ತಿತ್ತು. ಅದರ ಬರಿ ತಲೆಯನ್ನು ನೋಡಲಾರದೆ ಅಂಕಯ್ಯ ಮುಖ ತಿರುಗಿಸಿದ.

"ಮರಿಸಿದ್ದಣ್ಣ ಉಗಿದಿದ್ದು ಸರಿಯಾಗೈತೆ. ಈಗ ನಮಗೂ ಒಂದು ಬಾವುಟ ಬಂದೈತೆ. ಅದ ನಾನು ಮುಟ್ಟಾಂಗಿಲ್ಲ. ಸತ್ತಾಗ್ಲೂ ಅದು ನನ್ನ ಮೇಲೆ ಬೀಳಬಾರ್ದು. ನೋಡ್ಕೋ."

*

ಸಿದ್ದರಾಮು ಕುಲಾವಿಯನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದ. ಅದು ಅಂಗೈ ತುಂಬುವಷ್ಟೂ ಇರಲಿಲ್ಲ.

"ಊರೋರ್ಗೆ ಏನಂತ ಹೇಳ್ಲವ್ವ?"

"ಏನಾರ ಯೇಳು. ಇದ ಗುಂಡಿಗೆ ಆಕು. ನನ್ನ ಕೈಲಿ ಇನ್ನು ಇಟ್ಕಳಾಕಾಗಾಕಿಲ್ಲ."

ಹೊರಗೆ ಬಂದು "ಬ್ಯಾಡ ದೊಡ್ಡಪ್ಪ" ಎಂದಷ್ಟೇ ಹೇಳಿದ. ಮರಿಸಿದ್ದಯ್ಯ ಬಾವುಟ ಮಡಿಸಿ ಕಂಕುಳಲ್ಲಿಟ್ಟುಕೊಂಡರು. ಬಿಟ್ಟು ಹೋಗಲಿಲ್ಲ. ಚಟ್ಟ ಎದ್ದ ಮೇಲೆ ಎಲ್ಲರ ಹಿಂದೆ, ಟವಲಿನಿಂದ ಮುಖ ಒರೆಸಿಕೊಳ್ಳುತ್ತ ನಡೆದರು. ಹಳೇ ಸೇಡು ಇನ್ನೂ ಬಿಟ್ಟಿಲ್ಲವಲ್ಲ ಈ ಮನೆಯವರು ಎಂದು ಜನ ಗುಸುಗುಸು ಅನ್ನುತ್ತಿದ್ದುದು ಪದ್ಧತಿಯಂತೆ ಬೆಂಕಿ ಮಡಕೆ ಹಿಡಿದು ಮುಂದೆ ನಡೆಯುತ್ತಿದ್ದ ಸಿದ್ದರಾಮುವಿಗೆ ಕೇಳಿಸುತ್ತಿತ್ತು. ತಪ್ಪಿಲ್ಲದ ಮುದುಕ ತಲೆ ತಗ್ಗಿಸಿ ಬರುತ್ತಿದ್ದಾರೆ. ತಾನೊಂದು ಮಾತು ಹೇಳಿದರೆ ಆ ತಲೆ ಎತ್ತಿಸಬಹುದು. ಆದರೆ ನಾಳೆಯಿಂದ ತಾನು ಯಾರ ಮಗ? ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಅಪ್ಪನ ಬಗ್ಗೆ ಎಷ್ಟೋ, ತನ್ನ ಬಗ್ಗೆಯೂ ಅಷ್ಟೇ. ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದ ಕುಲಾವಿಯ ಕರಿಮಣಿ ಹೆಜ್ಜೆಹೆಜ್ಜೆಗೂ ಎದೆಗೆ ಒತ್ತುತ್ತಿತ್ತು.

ಹೆಣವನ್ನು ಗುಂಡಿಗೆ ಇಳಿಸಿ ಮುಖಕ್ಕೆ ಬಟ್ಟೆ ಮುಚ್ಚಿದರು. ಮೊದಲ ಹಿಡಿ ಮಣ್ಣು ಮಗನದು. ಸಿದ್ದರಾಮು ಬಗ್ಗಿ, ಮಣ್ಣಿನ ಬದಲು ಜೇಬಿನಿಂದ ಕುಲಾವಿ ತೆಗೆದು ಅಪ್ಪನ ಎದೆಯ ಮೇಲಿಟ್ಟ. ಸುತ್ತ ನಿಂತವರು ಇಣುಕಿದರು.

"ಯಾವ ಕೂಸಿಂದ್ಲಾ ಅದು?" ಮರಿಸಿದ್ದಯ್ಯ ಹಿಂದಿನಿಂದ ಮುಂದಕ್ಕೆ ಬಂದರು.

ಸಿದ್ದರಾಮು ತಲೆ ಎತ್ತಲಿಲ್ಲ.

"ಅಪ್ಪ ಕೊಂದೋನ್ದು, ದೊಡ್ಡಪ್ಪ. ಅವ್ರ ದೇಸದ ಬಾವುಟ. ನಿಮ್ಮಂಗೇ ಬಾವುಟ ಕಟ್ಟಿದ್ದ ಅಂತ, ಬಿಳಿಯೋನ ಮಾತು ಕೇಳಿ ಅಪ್ಪ ಅವನ್ಗೆ ಗುಂಡು ಹೊಡ್ದ. ಗೊತ್ತಿಲ್ದೆ ಅವ್ವ ಅದ್ರಲ್ಲಿ ನಂಗೆ ಕುಲಾವಿ ಹೊಲ್ದಿದ್ಲು." ಉಸಿರು ಎಳೆದುಕೊಂಡ. "ನೀವು ಉಗಿದಿದ್ದು ಸರಿ ಅಂತಿದ್ನಂತೆ."

ಮರಿಸಿದ್ದಯ್ಯ ಬಾವುಟವನ್ನು ಪಕ್ಕದವನ ಕೈಗೆ ಕೊಟ್ಟು, ಕಷ್ಟಪಟ್ಟು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡರು. ಅವರ ಕೈ ಹೆಣದ ಎದೆಯ ಮೇಲಿದ್ದ ಕುಲಾವಿಯ ನೇರಕ್ಕೆ ಬಂದು ನಿಂತಿತು. ಆ ಬಾವುಟದ ಮೇಲೆ ಹಾಕಲಾರದೆ ಅಲ್ಲಿಂದ ಸರಿದು ಕಾಲ ಕಡೆಗೆ ಹೋಗಿ, ಅಲ್ಲಿ ಮಣ್ಣು ಬಿಟ್ಟರು.

ಅವರ ಹಿಂದೆ ಬಂದವರೂ ಕಾಲ ಕಡೆಗೇ ಹಾಕಿದರು. ಸಿದ್ದರಾಮುವೂ ತನ್ನ ಪಾಲಿನ ಮೂರು ಹಿಡಿಯನ್ನು ಅಲ್ಲಿಯೇ ಹಾಕಿದ. ಎಲ್ಲರದೂ ಮುಗಿದ ಮೇಲೆ ಗುದ್ದಲಿ ಹಿಡಿದವರು ಗುಂಡಿ ಮುಚ್ಚಲು ಮುಂದೆ ಬಂದು, ಒಳಗೆ ನೋಡಿ ಕೈ ತಡೆದರು.

"ಹೂಂ ಅನ್ನಿ ಮೇಷ್ಟ್ರೇ," ಅಂದ ಒಬ್ಬ.

ದಿನಾ ಮೈದಾನದಲ್ಲಿ ಕೂಗಿ ಕೂಗಿ ಅಪ್ಪಣೆ ಕೊಡುವ ಸಿದ್ದರಾಮು ಬಾಯಿ ತೆರೆಯಲಿಲ್ಲ. ಅಂಕಯ್ಯನ ಕಾಲು ಮಣ್ಣಿನಲ್ಲಿ ಪೂರ್ತಿ ಮುಚ್ಚಿಹೋಗಿತ್ತು. ಎದೆಯ ಮೇಲೆ ಕೆಂಪು ಬಿಳಿ ಕುಲಾವಿ, ಒಂದು ಕಾಳು ಮಣ್ಣೂ ತಾಗದೆ, ಕರಿಮಣಿ ಮೇಲಾಗಿ ಕೂತಿತ್ತು.