ಅತ್ತೆಯನ್ನು ಬಿಟ್ಟು ಹೊರಟ ಬಸ್ಸು

ಕಂಡಕ್ಟರಮ್ಮ ವರ್ಷವಿಡೀ ಬಸ್ಸಿನಲ್ಲಿ ನಿಂತು ನಿಂತು ಸವೆದವಳು. ಅಂಥವಳನ್ನು ಮನೆಯವರು ರಜೆ ಎಂದು ಕರೆದುಕೊಂಡು ಹೋಗಿ ಮತ್ತೆ ಬಸ್ಸಿಗೇ ತುಂಬಿದರು. ಗಾಣದ ಎತ್ತಿಗೆ ನಾಲ್ಕು ದಿನ ಬಿಡುವು ಕೊಟ್ಟು, ಪಕ್ಕದೂರಿನ ಗಾಣ ತೋರಿಸಲು ಹೊಡೆದುಕೊಂಡು ಹೋದ ಹಾಗಾಯಿತು.

ಆಟದ ಪಾರ್ಕು ಒಂದು ಕಡೆ, ಉಳಿದುಕೊಂಡ ಹೋಟೆಲು ಒಂದು ಕಡೆ. ನಡುವೆ ಓಡುವುದು ಪಾರ್ಕಿನವರ ಶಟಲ್ ಬಸ್ಸು. ಬಿಟ್ಟಿ ಬಸ್ಸು ಎಂದ ಮೇಲೆ ಕೇಳಬೇಕೆ? ಸುತ್ತಲಿನ ಹೋಟೆಲುಗಳ ಜನವೆಲ್ಲ ಅದಕ್ಕೇ ಬೀಳುತ್ತಿದ್ದರು. ಬಾಗಿಲಲ್ಲಿ ಎಳ್ಳು ಚೆಲ್ಲಿದರೆ ಒಂದು ಕಾಳೂ ಕೆಳಗೆ ಬೀಳುತ್ತಿರಲಿಲ್ಲ, ಯಾರದಾದರೂ ತಲೆಯ ಮೇಲೆ ನಿಂತುಕೊಂಡೇ ಹೋಟೆಲು ಸೇರುತ್ತಿತ್ತು. ಬಸ್ಸಿನ ಮೈಮೇಲೆ ಹಲ್ಲು ಕಿರಿಯುವ ಕರಡಿಯ ಚಿತ್ರವಿತ್ತು. ಆ ಕರಡಿ ಯಾಕೆ ನಗುತ್ತದೆ ಎಂದು ಮೊದಲ ದಿನ ಯಾರಿಗೂ ತಿಳಿಯಲಿಲ್ಲ. ಎರಡನೆಯ ದಿನ ತಿಳಿಯಿತು. ಅದು ಹೊರಗಿತ್ತು, ಅದಕ್ಕೇ ನಗುತ್ತಿತ್ತು.

ಈ ರಜೆಯ ಯೋಚನೆ ಗಂಡನದು. ಅವನು ಗಡಿಯಾರ ರಿಪೇರಿ ಮಾಡುವವನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಒಂದೇ ಸ್ಟೂಲಿನ ಮೇಲೆ ಕೂರುತ್ತಾನೆ. ಕೂತೂ ಕೂತೂ ಸೊಂಟ ಹಿಡಿದಿದೆ, ಎಲ್ಲಾದರೂ ಹೋಗಿ ಓಡಾಡಿ ಬರೋಣ ಎಂದ. ಮಗಳಿಗೆ ಮನೆಯಲ್ಲಿ ಮೆಣಸಿನಕಾಯಿ ಎಂದೇ ಹೆಸರು. ಅವಳು ಅಪ್ಪನ ಮಾತು ಮುಗಿಯುವ ಮೊದಲೇ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅತ್ತೆ ಮಾತ್ರ, ನನ್ನ ಮಂಡಿಗೆ ಜಯಂಟ್ ವೀಲ್ ಹತ್ತುವ ವಯಸ್ಸಲ್ಲ ಎಂದು ಮೂರು ಸಲ ಹೇಳಿ, ನಾಲ್ಕನೆಯ ಸಲ ಹೇಳುವಾಗ ಪೆಟ್ಟಿಗೆ ಕಟ್ಟುತ್ತಿದ್ದಳು.

ಕಂಡಕ್ಟರಮ್ಮ ಬೇಡ ಎನ್ನಲಿಲ್ಲ. ಅವಳಿಗೆ ಅತ್ತೆಯ ಹತ್ತಿರ ಒಂದು ಮಾತು ಆಡುವುದಿತ್ತು. ಮನೆಯಲ್ಲಿ ಬೆಳಗಿನ ಪಾಳಿಗೆ ಕತ್ತಲಲ್ಲೇ ಹೊರಟು, ಬಂದೊಡನೆ ಹಾಸಿಗೆ ಹುಡುಕುವವಳಿಗೆ ಮಾತಿಗೆ ಬಿಡುವೆಲ್ಲಿ? ರಜೆಯಲ್ಲಾದರೂ ಸಿಕ್ಕೀತು ಎಂದುಕೊಂಡಳು.

ಮಾತು ಇದು. ಅವಳ ಕಾಲಿನ ನರಗಳು ಉಬ್ಬಿ ಹಗ್ಗದಂತೆ ಸುತ್ತಿಕೊಂಡಿದ್ದವು. ಇನ್ನು ನಿಂತು ಮಾಡುವ ಕೆಲಸ ಬೇಡ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಡಿಪೋದಲ್ಲಿ ಒಂದು ಕೋಣೆಯಿದೆ. ಜನ ಬಸ್ಸಿನಲ್ಲಿ ಮರೆತುಹೋದ ಕೊಡೆ, ಬುತ್ತಿಡಬ್ಬಿ, ಕನ್ನಡಕ, ಒಮ್ಮೊಮ್ಮೆ ಹಲ್ಲಿನ ಸೆಟ್ಟು, ಎಲ್ಲವನ್ನೂ ತಂದಿಡುವ ಕೋಣೆ. ಅಲ್ಲಿ ಕೂತು ಬಂದವರಿಗೆ ಗುರುತು ಕೇಳಿ ಕೊಡುವ ಕೆಲಸ ಖಾಲಿಯಿತ್ತು. ರಜೆ ಮುಗಿಸಿ ಬಂದ ದಿನವೇ ಒಪ್ಪಿಗೆ ಹೇಳದಿದ್ದರೆ ಬೇರೆಯವರಿಗೆ ಹೋಗುತ್ತದೆ ಎಂದು ಡಿಪೋ ಸಾಹೇಬರು ತಿಳಿಸಿದ್ದರು. ಗಂಡನಿಗೆ ಹೇಳಿದಾಗ ಅವನು, ಅಮ್ಮನನ್ನು ನೀನೇ ಕೇಳು ಎಂದು ಜಾರಿಕೊಂಡ. ಸೆಕೆಂಡಿನ ಮುಳ್ಳನ್ನು ಚಿಮುಟದಲ್ಲಿ ಹಿಡಿದು ನಿಲ್ಲಿಸುವ ಗಂಡಸಿಗೆ ತಾಯಿಯ ಮುಂದೆ ಕೈ ನಡುಗುತ್ತದೆ.

ಕೇಳುವುದು ಕಷ್ಟವಾಗಲು ಕಾರಣವಿತ್ತು. ಅವಳು ಈ ಕೆಲಸಕ್ಕೆ ಸೇರಿದ್ದೇ ಅತ್ತೆಯ ಬಲದಿಂದ. ಮನೆಯ ಸೊಸೆ ಗಂಡಸರ ನಡುವೆ ಬಸ್ಸಿನಲ್ಲಿ ನೇತಾಡುವುದೇ ಎಂದು ಬಂಧುಗಳೆಲ್ಲ ಮೂಗು ಮುರಿದಾಗ, ನಿಮ್ಮ ಮನೆಯ ಸೊಸೆಯರು ಮನೆಯಲ್ಲಿ ನೇತಾಡುತ್ತಾರೆ, ನನ್ನ ಸೊಸೆ ಬಸ್ಸಿನಲ್ಲಿ ನೇತಾಡುತ್ತಾಳೆ, ಅಷ್ಟೇ ವ್ಯತ್ಯಾಸ ಎಂದು ಅತ್ತೆ ಒಬ್ಬಳೇ ಹತ್ತು ಬಾಯಿ ಮುಚ್ಚಿಸಿದ್ದಳು. ಅಂದಿನಿಂದ ಆ ಬಸ್ಸು ಅವಳ ಪಾಲಿಗೆ 'ನನ್ನ ಸೊಸೆ ಬಸ್ಸು'. ಸಂತೆಗೆ ಹೋಗಲಿ, ಆಸ್ಪತ್ರೆಗೆ ಹೋಗಲಿ, ಬೇರೆ ಬಸ್ಸು ಖಾಲಿ ಬಂದರೂ ಹತ್ತುತ್ತಿರಲಿಲ್ಲ. ಸೊಸೆಯ ಬಸ್ಸಿನಲ್ಲಿ ಮೂರನೆಯ ಸಾಲಿನ ಕಿಟಕಿಯ ಪಕ್ಕ ಕೂತು, ಪಕ್ಕದವರಿಗೆ, ಅಗೋ ಅಲ್ಲಿ ನಿಂತಿದ್ದಾಳಲ್ಲ, ಅವಳು ಗದರಿದರೆ ಪೈಲ್ವಾನನೂ ಟಿಕೆಟ್ ತೆಗೀತಾನೆ ಎಂದು ಹೇಳದೆ ಇಳಿದವಳಲ್ಲ.

ಪಾರ್ಕಿಗೆ ಬಂದ ಮೇಲೂ ಮಾತಿಗೆ ದಾರಿಯಾಗಲಿಲ್ಲ. ಬೆಳಿಗ್ಗೆ ಬಸ್ಸಿಗೆ ಸಾಲು, ಒಳಗೆ ಆಟಕ್ಕೆ ಸಾಲು, ನೀರಿಗೆ ಸಾಲು, ಕಕ್ಕಸಿಗೆ ಅದಕ್ಕಿಂತ ಉದ್ದದ ಸಾಲು, ಸಂಜೆ ಮತ್ತೆ ಬಸ್ಸಿಗೆ ಸಾಲು. ಸಾಲಿನಲ್ಲಿ ನಿಂತೇ ಹೇಳಿಬಿಡೋಣ ಎಂದು ಒಮ್ಮೆ ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆ ಮುಂದಿನವರ ಭುಜ ತಟ್ಟಿ, ಈ ನೂಕುನುಗ್ಗಲೆಲ್ಲ ನನ್ನ ಸೊಸೆಗೆ ಲೆಕ್ಕಕ್ಕೇ ಇಲ್ಲ, ಅವಳದು ಇದೇ ಕಸುಬು ಎಂದು ಶುರು ಮಾಡಿದ್ದಳು. ಕಂಡಕ್ಟರಮ್ಮ ತೆರೆದ ಬಾಯನ್ನು ಆಕಳಿಕೆ ಮಾಡಿಕೊಂಡು ಮುಚ್ಚಿದಳು.

ಇನ್ನೊಂದು ತಾಪತ್ರಯವೂ ಇತ್ತು. ಈ ಶಟಲ್ ಬಸ್ಸಿಗೆ ಕಂಡಕ್ಟರೇ ಇಲ್ಲ, ಡ್ರೈವರ್ ಒಬ್ಬನೇ. ಜನ ಬಾಗಿಲಲ್ಲೇ ಗುಂಪುಗಟ್ಟಿ ನಿಲ್ಲುತ್ತಾರೆ, ನಡುವೆ ಒಂದು ಮದುವೆ ಮಾಡುವಷ್ಟು ಜಾಗ ಖಾಲಿ. ಇದನ್ನು ನೋಡಿಕೊಂಡು ಸುಮ್ಮನಿರುವುದೆಂದರೆ ಅಡುಗೆಯವನು ಉಕ್ಕುವ ಹಾಲನ್ನು ನೋಡಿಕೊಂಡು ಸುಮ್ಮನಿದ್ದ ಹಾಗೆ. ಮೊದಲ ದಿನ ಹಲ್ಲು ಕಚ್ಚಿಕೊಂಡಳು. ಎರಡನೆಯ ದಿನ, ಸ್ವಲ್ಪ ಒಳಗೆ ನಡೀರಿ ಎಂದು ಮೆತ್ತಗೆ ಅಂದಳು. ಮೂರನೆಯ ದಿನದ ಹೊತ್ತಿಗೆ ಮೆತ್ತಗಿನದು ಉಳಿದಿರಲಿಲ್ಲ. ಅವಳು ಬೇಕೆಂದು ಮಾಡುತ್ತಿರಲಿಲ್ಲ. ದಣಿದ ಮೈ ತನಗೆ ಗೊತ್ತಿದ್ದುದನ್ನು ತಾನೇ ಮಾಡಿಕೊಂಡು ಹೋಗುತ್ತಿತ್ತು.

ಆ ಮೂರನೆಯ ಸಂಜೆ ಪಾರ್ಕು ಮುಚ್ಚುವ ಹೊತ್ತಿಗೆ ಊರಿಗೆ ಊರೇ ಸ್ಟಾಪಿನಲ್ಲಿ ನಿಂತಿತ್ತು. ಮೆಣಸಿನಕಾಯಿ ಖಾರ ಇಳಿದು ಅಪ್ಪನ ಹೆಗಲ ಮೇಲೆ ಬಾಯಿ ತೆರೆದು ಮಲಗಿದ್ದಳು. ಬಸ್ಸು ಬಂತು. ಗಂಡನನ್ನೂ ಮಗುವನ್ನೂ ಹಿಂದಿನ ಬಾಗಿಲಿಂದ ಒಳಗೆ ದಬ್ಬಿ, ಕಂಡಕ್ಟರಮ್ಮ ಮುಂದಿನ ಬಾಗಿಲಿಗೆ ಬಂದಳು. ಅತ್ತೆ ಬೆನ್ನ ಹಿಂದೆಯೇ ಇದ್ದಾಳೆ ಎಂದುಕೊಂಡು ತಾನು ಮೆಟ್ಟಿಲು ಹತ್ತಿ, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಜನರನ್ನು ಒಳಗೆ ಹಾಕತೊಡಗಿದಳು. ಮಗು ಎತ್ತಿಕೊಂಡವಳನ್ನು ಹಾಕಿದಳು, ಕೋಲು ಹಿಡಿದ ಮುದುಕನನ್ನು ಹಾಕಿದಳು, ಆನೆಮರಿಯಷ್ಟು ದೊಡ್ಡ ಬೊಂಬೆ ತಬ್ಬಿಕೊಂಡ ಯುವಕನನ್ನು ಬೊಂಬೆಸಮೇತ ಹಾಕಿದಳು. ಮೆಟ್ಟಿಲು ಖಾಲಿಯಾಯಿತು. ಅವಳ ಅಂಗೈ ಅವಳನ್ನು ಕೇಳದೆ ಬಸ್ಸಿನ ತಗಡಿಗೆ ಎರಡು ಸಲ ಬಡಿಯಿತು.

ಎರಡು ಬಡಿತವೆಂದರೆ ಹೊರಡು. ಒಂದು ಬಡಿತವೆಂದರೆ ನಿಲ್ಲು. ಕಂಡಕ್ಟರಿಗೂ ಡ್ರೈವರಿಗೂ ಇರುವ ಭಾಷೆ ಅದು. ಈ ಡ್ರೈವರನೂ ಹಿಂದೆ ಊರೊಳಗಿನ ಬಸ್ಸು ಓಡಿಸಿದವನೇ ಇರಬೇಕು, ತಟ್ಟಿದ್ದೇ ತಡ, ಬಾಗಿಲು ಮುಚ್ಚಿ ಬಿಟ್ಟೇಬಿಟ್ಟ.

ಆಗ ಗಾಜಿನಾಚೆ ಕಂಡಳು ಅತ್ತೆ. ಜನರ ಕಾಲಡಿ ಸಿಕ್ಕಿ ಕಳಚಿದ ಚಪ್ಪಲಿಯನ್ನು ಆಗಷ್ಟೇ ಎತ್ತಿಕೊಂಡು ನಿಂತಿದ್ದಳು. ಚಪ್ಪಲಿ ಹಿಡಿದ ಕೈ ಮೇಲೆತ್ತಲೋ ಬೇಡವೋ ಎಂಬಂತೆ ಅರ್ಧದಲ್ಲೇ ನಿಂತಿತ್ತು.

ಕಂಡಕ್ಟರಮ್ಮ ತಗಡಿಗೆ ಒಂದು ಸಲ ಬಡಿದಳು, ಮತ್ತೆ ಒಂದು ಸಲ ಬಡಿದಳು. ಅವಸರದಲ್ಲಿ ಅದೂ ಎರಡಾಗಿ, ಡ್ರೈವರ್ ಇನ್ನೂ ಜೋರಾಗಿ ಬಿಟ್ಟ. ಕೂಗಿ ಹೇಳಿದ ಮೇಲೆ, ಈ ರಸ್ತೆಯಲ್ಲಿ ನಿಲ್ಲಿಸುವ ಹಾಗಿಲ್ಲ, ಕಾರು ನಿಲ್ಲಿಸುವ ಮೈದಾನದ ಹತ್ತಿರ ಇಳಿಸುತ್ತೇನೆ ಎಂದ. ಹಿಂದಿನ ಬಾಗಿಲಲ್ಲಿ ಗಂಡ ಯಾರದೋ ಕಂಕುಳಲ್ಲಿ ಸಿಕ್ಕಿಬಿದ್ದಿದ್ದ. ಅಮ್ಮ ಎಲ್ಲಿ ಎಂದು ಅಲ್ಲಿಂದಲೇ ಕೇಳಿದ. ನೀವು ಮಗುವನ್ನು ಕರಕೊಂಡು ಹೋಗಿ, ನಾನು ತರುತ್ತೇನೆ ಎಂದು ಅವಳು ಇಲ್ಲಿಂದಲೇ ಹೇಳಿದಳು, ಅತ್ತೆ ಏನೋ ಮರೆತ ಚೀಲ ಎಂಬಂತೆ.

ಮೈದಾನದಿಂದ ಸ್ಟಾಪಿಗೆ ದೂರ ಎಷ್ಟೋ, ಆ ಕಾಲುಗಳಿಗೆ ಮಾತ್ರ ಭೂಮಿಯ ಆ ತುದಿಯೇ ಆಯಿತು. ಅತ್ತೆಯ ಫೋನು ತನ್ನ ಕೈಚೀಲದಲ್ಲೇ ಇದೆ ಎಂಬುದು ನಡುದಾರಿಯಲ್ಲಿ ನೆನಪಾಗಿ ಬೇಗ ಬೇಗ ಹೆಜ್ಜೆ ಹಾಕಿದಳು. ನಡೆಯುತ್ತಲೇ ಲೆಕ್ಕ ಹಾಕಿದಳು. ಕೆಲಸ ಬಿಡುವ ಮಾತು ಇನ್ನು ಎತ್ತಿದ ಹಾಗೇ. ಹತ್ತು ಬಾಯಿ ಮುಚ್ಚಿಸಿದ ಬಾಯಿ ಅದು. ಇಂದು ತೆರೆದರೆ ಮುಚ್ಚಿಸುವವರು ಯಾರು? ಸಾಹೇಬರಿಗೆ ಆಗುವುದಿಲ್ಲ ಎಂದು ಹೇಳಿ, ಕಾಲಿಗೆ ಪಟ್ಟಿ ಸುತ್ತಿಕೊಂಡು ನಿಂತರಾಯಿತು, ನರ ಒಡೆಯುವವರೆಗೆ.

ಅತ್ತೆ ಸ್ಟಾಪಿನ ಬೆಂಚಿನ ಮೇಲೆ ಕೂತಿದ್ದಳು. ಸೊಸೆ ಏದುಸಿರು ಬಿಡುತ್ತ ಹತ್ತಿರ ಬಂದ ಮೇಲೆ ತಣ್ಣಗೆ ಹೇಳಿದಳು.

"ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಅದು ಯಾರು ಅಂತ ಇವತ್ತು ಗೊತ್ತಾಯ್ತು. ಆ ಹುಡುಗನ ಬೊಂಬೆಗೂ ಜಾಗ ಮಾಡಿಕೊಟ್ಟೆಯಲ್ಲೇ."

"ತಪ್ಪಾಯ್ತು ಅತ್ತೆ. ಕೈ ತಾನಾಗೇ ತಟ್ಟಿಬಿಡ್ತು."

"ಕೂತ್ಕೋ ಮೊದಲು."

ಕೂತಳು. ಪಾರ್ಕಿನೊಳಗೆ ಒಂದೊಂದಾಗಿ ದೀಪ ಆರಿಸುತ್ತಿದ್ದರು. ಅತ್ತೆ ಚಪ್ಪಲಿಯ ಕಿತ್ತ ಬಾರನ್ನು ತೂರಿಸುತ್ತ, ನಿಧಾನವಾಗಿ ಹೇಳಿದಳು. ಅವಳು ಕೆಳಗಿದ್ದೇ ಎಲ್ಲ ನೋಡಿದಳಂತೆ. ಕೂಗಬಹುದಿತ್ತಂತೆ, ಕೂಗಲಿಲ್ಲವಂತೆ. ಸೊಸೆಯ ಮುಖ ನೋಡುತ್ತ ನಿಂತುಬಿಟ್ಟಳಂತೆ.

"ಇಷ್ಟು ವರ್ಷ ನಿನ್ನ ಬಸ್ಸಲ್ಲಿ ಕೂತಿದೀನಿ. ನೀನು ನನ್ನ ಕಡೆ ತಿರುಗಿದಾಗೆಲ್ಲ ನಗ್ತಿದ್ದೆ. ಇವತ್ತು ನಾನು ನೋಡ್ತಿದೀನಿ ಅಂತ ನಿನಗೆ ಗೊತ್ತಿರಲಿಲ್ಲ. ಹಿಂಡಿ ಹಾಕಿದ ಒರಸುಬಟ್ಟೆ ಹಾಗಿತ್ತು ಕಣೇ ಮುಖ. ದಿನಾ ಹಿಂಗೇ ಇರುತ್ತಾ?"

ಕಂಡಕ್ಟರಮ್ಮ ಇಲ್ಲ ಎನ್ನಲು ಹೊರಟಳು. ಸುಳ್ಳು ಹೇಳುವುದಕ್ಕೂ ಸ್ವಲ್ಪ ಶಕ್ತಿ ಬೇಕಲ್ಲ, ಅದೂ ಉಳಿದಿರಲಿಲ್ಲ.

"ದಿನಾ ಹಿಂಗೇ ಅತ್ತೆ," ಎಂದಳು. ಒಂದು ಎಳೆ ಬಿಚ್ಚಿದ ಮೇಲೆ ಉಳಿದದ್ದೂ ಬಿಚ್ಚಿಕೊಂಡಿತು. ಡಾಕ್ಟರು ಹೇಳಿದ್ದು, ಡಿಪೋದ ಕೋಣೆ, ಸಾಹೇಬರು ಕೊಟ್ಟ ಗಡುವು, ಎಲ್ಲವನ್ನೂ ತಲೆ ತಗ್ಗಿಸಿಕೊಂಡೇ ಒಪ್ಪಿಸಿದಳು.

ಅತ್ತೆ ಬಾರು ತೂರಿಸುವುದನ್ನು ಬಿಟ್ಟು ಚಪ್ಪಲಿಯನ್ನು ನೆಲಕ್ಕೆ ಹಾಕಿದಳು.

"ಕೊಡೆ ಕಾಯೋ ಕೆಲಸ," ಎಂದಳು. "ಊರನ್ನೇ ಕೂರಿಸಿದವಳು ಹೋಗಿ ಕೊಡೆ ಕಾಯೋದು. ಬಸ್‌ಸ್ಟಾಪಲ್ಲಿ ನಾನಿನ್ನು ಯಾವುದನ್ನ ನನ್ನ ಸೊಸೆ ಬಸ್ಸು ಅನ್ನಲಿ?"

ಅತ್ತೆಯ ದನಿಯಲ್ಲಿ ಕೊಂಕು ಇರಲಿಲ್ಲ, ಬೇಸರವಿತ್ತು. ಅದು ನಿಜವಾದ ಬೇಸರ.

"ಆಗಲ್ಲ ಅಂದ್ರೆ ಬೇಡ ಅತ್ತೆ. ಇನ್ನೊಂದೆರಡು ವರ್ಷ..."

"ಅಲ್ಲಿ ಕುರ್ಚಿಗೆ ಬೆನ್ನು ಇದೆಯಾ?"

"ಹಾಂ?"

"ಒರಗಿಕೊಳ್ಳೋಕೆ ಕಣೇ. ನನ್ನ ಮಗನ ಹಾಗೆ ಸ್ಟೂಲು ಕೊಟ್ಟು ಕೂರಿಸಿದ್ರೆ ಕಾಲು ಹೋಗಿ ಸೊಂಟ ಬರುತ್ತೆ. ಮನೇಲಿ ಒಂದು ಸೊಂಟ ಸಾಕು."

"ಇದೆ ಅತ್ತೆ. ಕೈ ಇಡೋಕೂ ಇದೆ."

"ಹಾಗಾದ್ರೆ ಹೋಗಿ ಕೂತ್ಕೋ. ಬಂಧುಗಳು ಕೇಳಿದ್ರೆ ಆಫೀಸರ್ ಆದಳು ಅಂತೀನಿ. ಹಲ್ಲಿನ ಸೆಟ್ಟಿಗೂ ಆಫೀಸರ್ ಬೇಕು."

ಕಂಡಕ್ಟರಮ್ಮ ನಗಬೇಕೆಂದುಕೊಂಡಳು, ಅಳು ಬಂತು. ಅಷ್ಟರಲ್ಲಿ ಇನ್ನೊಂದು ಕರಡಿ ಬಸ್ಸು ಬಂದು ನಿಂತಿತು. ಉಳಿದಿದ್ದ ಜನ ಬಾಗಿಲಿಗೆ ಮುತ್ತಿದರು. ಬಾಗಿಲಲ್ಲಿ ಗುಂಪು, ನಡುವೆ ಖಾಲಿ. ಏಳಲೆಂದು ಅವಳ ಕಾಲು ತಾನಾಗಿ ನೆಲಕ್ಕೆ ಊರಿತು. ಅತ್ತೆ ರಟ್ಟೆ ಹಿಡಿದು ಕೂರಿಸಿದಳು.

"ಬಿಡು, ಅವರವರೇ ಹತ್ತಿಕೊಳ್ಳಲಿ. ಇದು ಹೋದ್ರೆ ಇನ್ನೊಂದು ಬರುತ್ತೆ."

ಬಸ್ಸು ಹೋಯಿತು. ಅತ್ತೆ ಸೊಸೆಯ ಕೈಚೀಲವನ್ನು ಬೆಂಚಿನಿಂದ ಎತ್ತಿ ಮಡಿಲಿಗೆ ಹಾಕಿಕೊಂಡು, ತುದಿಗೆ ಸರಿದಳು.

"ಕಾಲು ಮೇಲೆ ನೀಡಿಕೊ. ಅತ್ತೆ ಎದುರಿಗೆ ಹೆಂಗೆ ನೀಡೋದು ಅಂತ ನಾಚಬೇಡ. ನಾನು ಆ ಕಡೆ ನೋಡ್ತಿರ್ತೀನಿ."

ಹಾಗೆಂದು ನಿಜಕ್ಕೂ ರಸ್ತೆಯ ಕಡೆ ಮುಖ ತಿರುಗಿಸಿದಳು. ಕಂಡಕ್ಟರಮ್ಮ ಮೊದಲು ಒಂದು ಕಾಲು ಎತ್ತಿ ಬೆಂಚಿನ ಮೇಲಿಟ್ಟಳು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು.