ಅರ್ಧ ಕಿಲೋಮೀಟರಿನ ಸುತ್ತು

ತನ್ನ ತೋಪಿನ ಒಂದು ಪೈನ್ ಮರದ ತುದಿ ಕೆಂಪಾಗಿದೆ ಎಂದು ರೆಜಿಸ್ ಸರ್ಕಾರಕ್ಕೆ ತಿಳಿಸಿದ್ದೇ ತಪ್ಪಾಯಿತು. ತಿಳಿಸದೆಯೂ ಇರಬಹುದಿತ್ತು. ಮೂರು ಬೇಸಿಗೆಯಿಂದ ಫ್ರಾನ್ಸಿನ ಲಾಂದ್ ಸೀಮೆಯ ಮರಳು ಕಾದ ಹೆಂಚಾಗಿತ್ತು. ಎಲ್ಲರ ತೋಪಿನಲ್ಲೂ ಒಂದೆರಡು ಮರ ಒಣಗುತ್ತಲೇ ಇದ್ದವು. ಆದರೆ ಅವನು ಕಾಯಿದೆಗೆ ಹೆದರುವ ಮನುಷ್ಯ. ಇಲಾಖೆಯವರು ಬಂದು ಮರ ಕೊರೆದು ಪುಡಿ ಒಯ್ದರು. ಅದರಲ್ಲಿ ಕಣ್ಣಿಗೆ ಕಾಣದ ಹುಳು ಸಿಕ್ಕಿತು. ಒಂದು ಬಗೆಯ ಜೀರುಂಡೆ ಅದನ್ನು ಹೊತ್ತು ಮರದಿಂದ ಮರಕ್ಕೆ ಹಾರುತ್ತದಂತೆ, ಮದ್ದಿಲ್ಲವಂತೆ. ಆ ಮರದ ಸುತ್ತ ಅರ್ಧ ಕಿಲೋಮೀಟರಿನೊಳಗಿನ ಪೈನೆಲ್ಲ, ರೋಗವಿರಲಿ ಬಿಡಲಿ, ಕಡಿಯಬೇಕು.

ಮರ ಇದ್ದದ್ದು ಗಡಿಯಂಚಿನಲ್ಲಿ. ಸುತ್ತಿನ ಹೆಚ್ಚು ಪಾಲು ಬಿದ್ದದ್ದು ಅತ್ತಿಗೆ ಒಡೆಟ್‌ಳ ತೋಪಿನ ಮೇಲೆ. ದೊಡ್ಡ ಬಿರುಗಾಳಿ ಕಾಡನ್ನೆಲ್ಲ ಮಲಗಿಸಿದ ಮೇಲೆ, ಸರ್ಕಾರದ ನೆರವು ಪಡೆದು ಅವಳೂ ರೆಜಿಸ್‌ನ ಅಣ್ಣನೂ ನೆಟ್ಟ ಮರಗಳು. ಅಣ್ಣ ತೀರಿಕೊಂಡ ಮೇಲೆ ಅವಳಿಗಿದ್ದದ್ದು ಅವೇ. ನೆಡು ಎಂದು ಬೆನ್ನು ತಟ್ಟಿದ ಸರ್ಕಾರವೇ ಈಗ ಕಡಿ ಎಂದಿತು.

ಹೇಳಲು ಬಂದ ಅಧಿಕಾರಿ ಚಿಕ್ಕ ಹುಡುಗಿ, ಪಾಪ, ಒಳ್ಳೆಯವಳೇ. "ಪರಿಹಾರ ಸಿಗುತ್ತೆ ಮೇಡಂ. ಮತ್ತೆ ನೆಡೋಕೂ ಸರ್ಕಾರ ಸಹಾಯ ಮಾಡುತ್ತೆ. ಪೈನ್ ಮಾತ್ರ ಬೇಡ."

"ಈ ಮರಳಲ್ಲಿ ಮತ್ತೇನು ಬರುತ್ತಮ್ಮ?"

"ಅದು ಇನ್ನೂ ತೀರ್ಮಾನ ಆಗಿಲ್ಲ."

ಒಡೆಟ್ ಪಕ್ಕದಲ್ಲಿ ನಿಂತಿದ್ದ ರೆಜಿಸ್‌ನ ಮುಖ ನೋಡಿದಳು. ಅವನು ತನ್ನ ಬೂಟು ನೋಡಿಕೊಂಡ.

ಅಕ್ಟೋಬರಿನಲ್ಲಿ ಕಾಡುಪಾರಿವಾಳ ಬರುವ ಕಾಲಕ್ಕೆ ಊರ ಗಂಡಸರು ತೋಪಿನ ಗುಡಿಸಲಲ್ಲಿ ಬಾತುಕೋಳಿ ಹುರಿದುಕೊಂಡು, ವೈನ್ ಕುಡಿದುಕೊಂಡು ಅವುಗಳ ಬೇಟೆಗೆ ಕಾಯುವುದು ವಾಡಿಕೆ. ರೆಜಿಸ್ ಒಳಗೆ ಬಂದೊಡನೆ ಮಾತು ನಿಂತಿತು. ಹಕ್ಕಿ ಬಂದಾಗಲೂ ಅಷ್ಟು ಬೇಗ ನಿಲ್ಲುವುದಿಲ್ಲ.

ಕೊನೆಗೆ ಒಡೆಟ್‌ಳ ತೋಪಿನಾಚೆಯ ದುಬರ್ನೆ ಬಾಯಿಬಿಟ್ಟ. "ಕಡಿದು ಒಲೆಗೆ ಹಾಕಿದ್ರೆ ಮುಗೀತಿತ್ತಲ್ಲೋ ಮಾರಾಯ. ಯಾರು ಕೇಳ್ತಿದ್ರು?"

"ರೋಗ ಹರಡ್ತಿತ್ತು."

"ಈಗ ಹರಡಲ್ವಾ? ಜೀರುಂಡೆ ಏನು ಟೇಪ್ ಹಿಡ್ಕೊಂಡು ಹಾರುತ್ತಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಅದೂ ಸ್ವಂತ ಅತ್ತಿಗೆಗೆ."

ರೆಜಿಸ್ ಬಂದ ದಾರಿಯಲ್ಲೇ ಹೊರಬಿದ್ದ. ಅವನಿಗೂ ಅದೇ ಸಂಶಯವಿತ್ತು.

ಚಳಿಗಾಲದಲ್ಲಿ ಯಂತ್ರಗಳು ಬಂದವು. ಗಟ್ಟಿಮುಟ್ಟಾದ ಮರಗಳನ್ನು ಹುಲ್ಲು ಕೊಯ್ದಂತೆ ಕೊಯ್ದು ಹಾಕಿದವು. ಒಡೆಟ್‌ಳ ಅಡುಗೆಮನೆಗೆ ಎಂದೂ ಬೀಳದಿದ್ದ ಬಿಸಿಲು ಬೀಳತೊಡಗಿತು. ಅವಳು ಕಿಟಕಿ ಮುಚ್ಚಿ ಕೂತಳು. ರೆಜಿಸ್ ಹೋಗಿ ಹೋಗಿ ಬಾಗಿಲು ಬಡಿದ. ತೆರೆಯಲಿಲ್ಲ. ಅವನಿಗೆ ಅಳು ಬಂತು. ಮಾಡಿದ್ದು ತಪ್ಪೆಂದೂ ಅನ್ನಿಸದು, ಸರಿಯೆಂದು ಹೇಳುವ ಧೈರ್ಯವೂ ಬಾರದು.

ಮುಂದಿನ ಬೇಸಿಗೆಯ ಕೊನೆಗೆ ಅವಳೇ ಅವನ ಮನೆಗೆ ಬಂದಳು. "ಬಾ" ಎಂದಳು, ಅಷ್ಟೇ. ಬೊಡ್ಡೆಗಳ ನಡುವೆ ನಡೆಸಿಕೊಂಡು, ಸುತ್ತಿನ ಆಚೆ ಉಳಿದಿದ್ದ ಅವಳ ತುಂಡು ತೋಪಿಗೆ ಕರೆದೊಯ್ದಳು. ಒಂದು ಮರದ ತುದಿ ಕೆಂಪಾಗಿತ್ತು.

"ಬಿಸಿಲಿಗೆ ಇರಬಹುದು ಅತ್ತಿಗೆ."

"ಹೋದ ವರ್ಷ ಹಾಗಂದ್ಕೊಂಡು ಸುಮ್ನಿರಬೇಕಿತ್ತು ನೀನು."

ರೆಜಿಸ್ ಕಣ್ಣಲ್ಲೇ ಅರ್ಧ ಕಿಲೋಮೀಟರ್ ಅಳೆದ. ಅವಳ ಉಳಿದದ್ದೆಲ್ಲ ಹೋಗುತ್ತದೆ. ದುಬರ್ನೆಯ ತೋಪೂ ಹೋಗುತ್ತದೆ.

"ನೀವು ಹೂಂ ಅನ್ನಿ, ಈಗ್ಲೇ ಗರಗಸ ತರ್ತೀನಿ. ಸಂಜೆಗೆ ಒಲೇಲಿರುತ್ತೆ. ಯಾರಿಗೂ ಗೊತ್ತಾಗಲ್ಲ."

ಅವಳು ಕಾಂಡದ ಮೇಲೆ ಕೈಯಿಟ್ಟಳು.

"ಆಚೆ ಊರಲ್ಲೂ ಒಬ್ಬಳು ನನ್ನಂಥೋಳು ಇರ್ತಾಳೆ ಕಣೋ," ಎಂದಳು. "ಇಲಾಖೆಗೆ ಫೋನ್ ಮಾಡು."

"ಅತ್ತಿಗೆ..."

"ನೀನೇ ಮಾಡು. ನನಗೆ ನಂಬರ್ ಕಾಣಿಸ್ತಿಲ್ಲ."

ಕನ್ನಡಕ ಅವಳ ಮೂಗಿನ ಮೇಲೇ ಇತ್ತು. ರೆಜಿಸ್ ನಂಬರ್ ಒತ್ತಿದ.